ಅಡಿಕೆ ಸುಲಿತದ ಲೆಕ್ಕದ ನೋಟ್‌ಬುಕ್: ಕೆಲಸ ಸಿಗದೆ ಕೂತಿದ್ದ ಒಬ್ಬ ಬಿಕಾಂ ಹುಡುಗಿಯ ಪ್ರಕರಣ

ಅಕ್ಕನ ಮಗಳು ಬಿಕಾಂ ಮುಗಿಸಿದ್ದು 2023ರಲ್ಲಿ. ಕುವೆಂಪು ವಿಶ್ವವಿದ್ಯಾಲಯದ ಡಿಗ್ರಿ, 74 ಪರ್ಸೆಂಟ್. 2024ರ ಆಗಸ್ಟ್ ಮೊದಲ ವಾರ ಅಕ್ಕ ಫೋನ್ ಮಾಡಿದಳು. "ವರ್ಷದ ಮೇಲಾಯ್ತು ಮಾರಾಯ, ಇವಳಿಗೆ ಒಂದು ಕೆಲಸ ಅಂತ ಆಗ್ತಾ ಇಲ್ಲ. ದಿನಾ ಮೊಬೈಲ್ ಹಿಡ್ಕೊಂಡು ಅರ್ಜಿ ಹಾಕ್ತಾಳೆ. ನೀನೊಂಚೂರು ನೋಡು."

ನಾನು ಶಿವಮೊಗ್ಗದಲ್ಲಿ ಹದಿನೆಂಟು ವರ್ಷದಿಂದ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ನಮ್ಮ ಆಫೀಸಿಗೆ ಹುಡುಗರನ್ನು ತೆಗೆದುಕೊಳ್ಳುವಾಗ ಎದುರು ಕೂತು ಪ್ರಶ್ನೆ ಕೇಳುವವರಲ್ಲಿ ನಾನೂ ಒಬ್ಬ. ಅದಕ್ಕೇ ನೆಂಟರೆಲ್ಲ ನನ್ನ ಜೇಬಲ್ಲಿ ಕೆಲಸ ಇದೆ ಅಂದುಕೊಂಡಿದ್ದಾರೆ. ನಮ್ಮ ಆಫೀಸಿನಲ್ಲಿ ಆಗ ಜಾಗ ಇರಲಿಲ್ಲ. ಇದ್ದಿದ್ದರೂ ಸ್ವಂತ ಅಕ್ಕನ ಮಗಳನ್ನು ತಂದು ಕೂರಿಸುತ್ತಿರಲಿಲ್ಲ.

ಇದನ್ನು ಬರೆಯುವ ಮೊದಲು ಅವಳನ್ನು ಕೇಳಿದೆ. "ಹೆಸರೊಂದು ಬಿಟ್ಟು ಏನು ಬೇಕಾದರೂ ಬರೀರಿ ಮಾವ" ಅಂದಳು. ಹಾಗಾಗಿ ಅವಳ ಎಡವಟ್ಟು, ನನ್ನ ಎಡವಟ್ಟು ಎರಡೂ ಇಲ್ಲಿವೆ.

ಮೊದಲು ನನ್ನದು

ಎಲ್ಲ ಮಾವಂದಿರೂ ಮಾಡುವುದನ್ನೇ ನಾನೂ ಮಾಡಿದೆ. ಪರಿಚಯದ ಅಡಿಕೆ ಮಂಡಿಯವರಿಗೆ ಒಂದು ಮಾತು ಹೇಳಿದೆ. ಅವರಿಗೆ ಲೆಕ್ಕ ಬರೆಯಲು ಒಬ್ಬರು ಬೇಕಿತ್ತು. "ಕಳಿಸಿ, ನೋಡೋಣ" ಅಂದರು. ಹುಡುಗಿಯನ್ನು ಒಂದು ದಿನವೂ ಕೂರಿಸಿಕೊಂಡು ಮಾತಾಡದೆ ನೇರ ಕಳಿಸಿಬಿಟ್ಟೆ.

ಆ ಹದಿನೈದು ನಿಮಿಷ ಹೇಗೆ ನಡೆಯಿತು ಅನ್ನುವುದನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದೆ. ಮಂಡಿಯವರು, "ಯಾವೂರಮ್ಮಾ?" ಅಂತ ಶುರು ಮಾಡಿದ್ದಾರೆ. ಇವಳು ವಿಡಿಯೋ ನೋಡಿ ಬಾಯಿಪಾಠ ಮಾಡಿದ್ದನ್ನು ಬಿಚ್ಚಿದ್ದಾಳೆ. "ಮೈಸೆಲ್ಫ್..." ಅಂತ. ಹೆಸರು, ತಂದೆಯ ಹೆಸರು, ಹವ್ಯಾಸ, ಶಕ್ತಿ, ದೌರ್ಬಲ್ಯ, ಎಲ್ಲ ಇಂಗ್ಲಿಷಿನಲ್ಲಿ. ಅವರು ಪೂರ್ತಿ ಕೇಳಿಸಿಕೊಂಡು, "ಮನೇಲಿ ಅಡಿಕೆ ಎಷ್ಟಾಗತ್ತೆ?" ಅಂದಿದ್ದಾರೆ. ಇವಳಿಗೆ ಸಿಟ್ಟು ಬಂದಿದೆ. ಆಸ್ತಿ ವಿಚಾರಿಸ್ತಾ ಇದ್ದಾರೆ ಅಂದುಕೊಂಡು, "ಯಾಕೆ ಸಾರ್?" ಅಂದಳಂತೆ. ಅವರಿಗೆ ಬೇಕಿದ್ದದ್ದು ಬೇರೆ. ಅಡಿಕೆಯ ಬಗೆಗಳಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು, ಸರಕು ಯಾವುದು, ಗೊರಬಲು ಯಾವುದು ಅಂತ ಈ ಹುಡುಗಿಗೆ ಹೊಸದಾಗಿ ಹೇಳಿಕೊಡಬೇಕಾ ಬೇಡವಾ ಅನ್ನುವುದಷ್ಟೇ. ಕೊನೆಗೆ, "ಜಿಎಸ್‌ಟಿಆರ್-3ಬಿ ಯಾವ ತಾರೀಖಿನೊಳಗೆ ಹಾಕಬೇಕು?" ಅಂತ ಕೇಳಿದ್ದಾರೆ. "ತಿಂಗಳ ಕೊನೆ" ಅಂದಿದ್ದಾಳೆ. ತಿಂಗಳು ತಿಂಗಳು ಈ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಅದು ಮರುತಿಂಗಳ 20.

ಸಂಜೆ ಅವರ ಫೋನ್ ಬಂತು. "ಹುಡುಗಿ ಒಳ್ಳೆಯವಳು ಮಾರಾಯ್ರೆ. ಆದ್ರೆ ನಂಗೆ ಭಾಷಣ ಮಾಡೋರು ಬೇಡ."

ವಶೀಲಿ ಬಾಗಿಲ ತನಕ ಕರೆದುಕೊಂಡು ಹೋಗುತ್ತದೆ. ಒಳಗೆ ಕೂತು ಉತ್ತರ ಹೇಳುವುದಿಲ್ಲ. ಹುಡುಗಿಗೆ ಅವಮಾನ ಆಯ್ತು, ನನ್ನ ಮಾತಿನ ತೂಕವೂ ಇಳಿಯಿತು. ಇನ್ನೊಮ್ಮೆ ಅದೇ ಮಂಡಿಗೆ ಯಾರನ್ನಾದರೂ ಕಳಿಸಬೇಕಾದರೆ ನಾನೇ ಯೋಚಿಸಬೇಕು.

160 ಅರ್ಜಿ

ಆಗಸ್ಟ್ 25ರ ಭಾನುವಾರ ಊರಿಗೆ ಹೋದೆ. ಹೊಸನಗರ ತಾಲ್ಲೂಕು. ಆಯನೂರು, ರಿಪ್ಪನ್‌ಪೇಟೆ ದಾಟಿ ಹೋಗಬೇಕು. ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಕಾಫಿ ಕುಡಿದವನೇ ಕೇಳಿದೆ, "ಎಷ್ಟು ಕಡೆ ಅರ್ಜಿ ಹಾಕಿದೀಯ?"

"ತುಂಬಾ ಹಾಕಿದೀನಿ ಮಾವ."

"ತುಂಬಾ ಅಂದ್ರೆ ಎಷ್ಟು?"

ಗೊತ್ತಿರಲಿಲ್ಲ. ಮೂರು ವರ್ಷ ಲೆಕ್ಕಶಾಸ್ತ್ರ ಓದಿದವಳು ತನ್ನ ಅರ್ಜಿಗಳ ಲೆಕ್ಕವನ್ನೇ ಇಟ್ಟಿರಲಿಲ್ಲ. ಇಮೇಲ್, ಕೆಲಸ ಹುಡುಕುವ ಆ್ಯಪ್‌ಗಳು, ವಾಟ್ಸಾಪ್, ಮೂರನ್ನೂ ತೆರೆದು ಒಂದು ಹಾಳೆಯ ಮೇಲೆ ಗೀಟು ಹಾಕುತ್ತಾ ಹೋದೆವು. ಎರಡು ಗಂಟೆ ಹಿಡಿಯಿತು. ಒಟ್ಟು 160. ಅದರಲ್ಲಿ 131 ಬೆಂಗಳೂರಿನವು, 21 ‘ಎಲ್ಲಾದರೂ ಸರಿ’ ಅಂತ ಒತ್ತಿದ್ದು. ಶಿವಮೊಗ್ಗದ್ದು ಎಂಟು. ಅಷ್ಟಕ್ಕೂ ಹೋಗಿದ್ದು ಒಂದೇ ರೆಸ್ಯೂಮ್.

ಯಾರೇ ಬಂದು ಕೆಲಸ ಸಿಗುತ್ತಿಲ್ಲ ಅಂದರೂ ನಾನು ಮೊದಲು ಕೇಳುವುದು, ದಾರ ಎಲ್ಲಿ ಹರಿಯುತ್ತಿದೆ ಅಂತ. ಫೋನೇ ಬರುತ್ತಿಲ್ಲವಾ? ಫೋನ್ ಬಂದು ಸಂದರ್ಶನ ಆಗುತ್ತಿಲ್ಲವಾ? ಸಂದರ್ಶನ ಆಗಿ ಕೈ ತಪ್ಪುತ್ತಿದೆಯಾ? ಮೂರೂ ಬೇರೆ ಬೇರೆ ಕಾಯಿಲೆ. ಫೋನೇ ಬರದವರಿಗೆ ಇಂಗ್ಲಿಷ್ ಮಾತಾಡುವ ಕ್ಲಾಸಿಗೆ ಸೇರು ಅನ್ನುವುದು ಹೊಟ್ಟೆನೋವಿಗೆ ತಲೆಗೆ ಎಣ್ಣೆ ಹಚ್ಚಿದಂತೆ.

ಇವಳಿಗೆ ಬಂದದ್ದು ಐದೇ ಕಾಲ್. ಒಂದು ಇನ್ಶೂರೆನ್ಸ್ ಮಾರುವ ಕೆಲಸ. ಎರಡು ಬೆಂಗಳೂರಿನ ಸಂದರ್ಶನ. ಒಂದಕ್ಕೆ ಹೋಗಿ ಇನ್ನೂರು ಜನರ ಸಾಲಿನಲ್ಲಿ ನಿಂತು ರೆಸ್ಯೂಮ್ ಕೊಟ್ಟು ವಾಪಸ್ ಬಂದಿದ್ದಳು. ಉಳಿದೆರಡು ದುಡ್ಡು ಕೇಳಿದವರು. ಮನೆಯಿಂದಲೇ ಡಾಟಾ ಎಂಟ್ರಿ, ಮೊದಲು 1,850 ರೂಪಾಯಿ ರಿಜಿಸ್ಟ್ರೇಷನ್. ಒಬ್ಬರಿಗೆ ಕಟ್ಟಿಯೂ ಇದ್ದಳು. ಅಪ್ಪನಿಗೆ ಗೊತ್ತಿರಲಿಲ್ಲ, ನನ್ನ ಹತ್ತಿರ ಹೇಳುವಾಗ ಕಣ್ಣಲ್ಲಿ ನೀರು. ಬೈಯಲಿಲ್ಲ. ಕೆಲಸ ಕೊಡುವವರು ಯಾರೂ ಕೆಲಸಕ್ಕೆ ಮೊದಲು ದುಡ್ಡು ಕೇಳುವುದಿಲ್ಲ, ಹೀಗೆ ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ತಡವಾದಷ್ಟೂ ದುಡ್ಡು ತಡೆಹಿಡಿಯುವುದು ಕಷ್ಟ ಅಂತ ಹೇಳಿದೆ. ಆರು ತಿಂಗಳು ಕಳೆದಿತ್ತು, ಆ ದುಡ್ಡು ಬರಲಿಲ್ಲ.

ಆಮೇಲೆ ಮೆಸೇಜು ನೋಡುತ್ತಾ ಕೂತಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ‘ಈ ನಂಬರಿನಿಂದ ನಿಮಗೆ ಕಾಲ್ ಬಂದಿತ್ತು’ ಅನ್ನುವ ಮೊಬೈಲ್ ಕಂಪನಿಯ ಮೆಸೇಜುಗಳು. ಹೆಸರು ಗೊತ್ತಿಲ್ಲದ ನಂಬರಿನವು ಎಣಿಸಿದರೆ 19. ಎಲ್ಲ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ಒಳಗೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಮನೆ ತಗ್ಗಿನಲ್ಲಿದೆ. ನೆಟ್‌ವರ್ಕ್ ಬೇಕಾದರೆ ತೋಟದ ಮೇಲಿನ ಗುಡ್ಡಕ್ಕೆ ಹೋಗಬೇಕು. ಇವಳು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗುಡ್ಡ ಹತ್ತುತ್ತಿದ್ದಳು. ಇನ್ನೂರು ಹೆಸರಿನ ಪಟ್ಟಿ ಹಿಡಿದು ಕೂತವರು ಒಂದು ಸಲ ಫೋನ್ ಮಾಡುತ್ತಾರೆ. ತಾಗದಿದ್ದರೆ ಮುಂದಿನ ಹೆಸರು. 19 ಸಲ ಬಾಗಿಲು ತಟ್ಟಿದ್ದಾರೆ, ಮನೆಯಲ್ಲಿ ಯಾರಿಗೂ ಕೇಳಿಸಿಲ್ಲ.

ತಮಾಷೆ ಏನೆಂದರೆ ಮನೆಯಲ್ಲಿ ಫೈಬರ್ ಇಂಟರ್ನೆಟ್ ಇತ್ತು. ಅವಳ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ‘ವೈಫೈ ಕಾಲಿಂಗ್’ ಆನ್ ಮಾಡಿದೆ. ಟವರ್ ಇಲ್ಲದಿದ್ದರೂ ಮನೆಯ ವೈಫೈ ಮೂಲಕವೇ ಮಾಮೂಲಿ ಕಾಲ್ ಬರುತ್ತದೆ. ಅರ್ಧ ನಿಮಿಷದ ಕೆಲಸ. ಕರೆಂಟ್ ಹೋದರೆ ರೂಟರ್ ಸಾಯುತ್ತದೆ ಅಂತ ಭಾವ ತಗಾದೆ ತೆಗೆದರು. ಮಳೆಗಾಲದಲ್ಲಿ ಕರೆಂಟ್ ಇರುವುದೇ ಅಪರೂಪ, ಸರಿ. ರೂಟರಿಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ, ಮರುವಾರ ಕೊಂಡು ಕಳಿಸಿದೆ. ಮಾಡಿದ ಒಟ್ಟು ಖರ್ಚು ಅದೊಂದೇ.

ಅಂಗಳದಲ್ಲಿ ಸಿಕ್ಕಿದ್ದು

ಮಧ್ಯಾಹ್ನ ಊಟ ಮಾಡಿ ರೆಸ್ಯೂಮ್ ಹಿಡಿದು ಕೂತೆವು. ಸೈಬರ್ ಸೆಂಟರಿನಲ್ಲಿ ಮಾಡಿಸಿದ್ದು. ಸುತ್ತ ನೀಲಿ ಬಾರ್ಡರ್. ಮೇಲೆ ‘ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ’ ಬಯಸುವ ನಾಲ್ಕು ಸಾಲು ಇಂಗ್ಲಿಷು, ಕೆಳಗೆ ‘ಮೇಲಿನದೆಲ್ಲ ಸತ್ಯ’ ಅನ್ನುವ ಪ್ರಮಾಣ. ನಡುವೆ ಪರಿಶ್ರಮಿ, ಪ್ರಾಮಾಣಿಕಳು, ಬೇಗ ಕಲಿಯುವವಳು. ನನ್ನ ಮೇಜಿಗೆ ಬರುವ ಹತ್ತರಲ್ಲಿ ಒಂಬತ್ತು ರೆಸ್ಯೂಮ್ ಹೀಗೇ ಇರುತ್ತವೆ. ಹೆಸರು ಮುಚ್ಚಿದರೆ ಯಾರದ್ದು ಅಂತ ಹೇಳಲಾಗುವುದಿಲ್ಲ. ಲೆಕ್ಕ ಬರೆಯುವ ಸಾಫ್ಟ್‌ವೇರ್ ‘ಟ್ಯಾಲಿ ಗೊತ್ತು’ ಅಂತ ಒಂದು ಸಾಲಿತ್ತು. ಅದು ಎಷ್ಟು ಗೊತ್ತು ಅಂತ ಮಂಡಿಯಲ್ಲಿ ಗೊತ್ತಾಗಿತ್ತು.

ಏನು ತಿದ್ದುವುದು ಅಂತ ಯೋಚಿಸುತ್ತಿರುವಾಗ ಅಂಗಳಕ್ಕೆ ಒಬ್ಬ ಹೆಂಗಸು ಬಂದು ಕೊಡೆ ಮಡಚಿದರು. ಅಡಿಕೆ ಸುಲಿಯಲು ಬರುವವರು. "ಗೌರಿ ಹಬ್ಬ ಬಂತಲ್ಲ ಅಮ್ಮಾ, ಎರಡು ಸಾವಿರ ಬೇಕಿತ್ತು" ಅಂದರು. ಸುಲಿತ ಶುರುವಾಗುವುದು ನವೆಂಬರಿಗೆ. ಆದರೆ ಮುಂಗಡ ಹಬ್ಬಕ್ಕೇ ಹೋಗುತ್ತದೆ, ನಮ್ಮ ಕಡೆ ಹಾಗೆ.

ಅಕ್ಕ ಒಳಗಿನಿಂದಲೇ ಮಗಳನ್ನು ಕರೆದಳು. ಇವಳು ಎದ್ದು ಹೋಗಿ ಗಡಿಯಾರದ ಹಿಂದಿನಿಂದ ಒಂದು ಉದ್ದ ನೋಟ್‌ಬುಕ್ ತೆಗೆದಳು. ಪುಟ ತಿರುವಿ, "ಹೋದ ವರ್ಷದ್ದು ಆರುನೂರು ಹಾಗೇ ಇದೆ ನೋಡಿ ಅಕ್ಕಾ. ಈಗ ಎರಡು ಸಾವಿರ ಅಂದ್ರೆ ಎರಡು ಸಾವಿರದ ಆರುನೂರಾಯ್ತು. ವಾರಕ್ಕೆ ಮುನ್ನೂರು ಹಿಡೀಲಾ, ಕೊನೆಗೆ ಒಟ್ಟಿಗೆ ಹಿಡೀಲಾ?" ಅಂದಳು. ಅವರು ವಾರಕ್ಕೆ ಹಿಡಿ ಅಂದರು. ಬರೆದಳು, ಓದಿ ಹೇಳಿದಳು, ಸಹಿ ಹಾಕಿಸಿದಳು. ಎರಡು ನಿಮಿಷ.

ಆ ನೋಟ್‌ಬುಕ್ ಇಸಿದುಕೊಂಡು ನೋಡಿದೆ. 2018ರಿಂದ ಇದೆ. ಪಿಯುಸಿಗೂ ಮೊದಲು ಶುರು ಮಾಡಿದ್ದು. ಹದಿನಾಲ್ಕು ಜನರ ಹೆಸರು, ಪ್ರತಿ ರಾತ್ರಿ ಯಾರು ಎಷ್ಟು ಡಬ್ಬ ಸುಲಿದರು, ಡಬ್ಬಕ್ಕೆ ಎಷ್ಟು, ಮುಂಗಡ ಎಷ್ಟು, ಹಿಡಿದದ್ದು ಎಷ್ಟು, ಶನಿವಾರದ ಬಟವಾಡೆ ಎಷ್ಟು. ಕೊನೆಯ ಪುಟಗಳಲ್ಲಿ ಮಂಡಿಗೆ ಹೋದ ಚೀಲಗಳ ಲೆಕ್ಕ: ರಾಶಿ ಎಷ್ಟು, ಬೆಟ್ಟೆ ಎಷ್ಟು, ಮನೆಯಲ್ಲಿ ತೂಗಿದ್ದಕ್ಕೂ ಅಲ್ಲಿನ ಪಟ್ಟಿಗೂ ಎಷ್ಟು ವ್ಯತ್ಯಾಸ ಬಂತು. ಒಂದು ಕಡೆ ಕೆಂಪು ಪೆನ್ನಿನಲ್ಲಿ ‘2 ಕೆಜಿ ಕಡಿಮೆ, ಅಪ್ಪ ಕೇಳಬೇಕು’ ಅಂತ ಬರೆದಿದ್ದಳು.

"ಇದನ್ಯಾಕೆ ರೆಸ್ಯೂಮಲ್ಲಿ ಹಾಕಿಲ್ಲ ಮಾರಾಯ್ತಿ?"

"ಇದೆಂಥದು ಮಾವ, ಮನೆ ಕೆಲಸ. ಇದನ್ನೆಲ್ಲ ಹಾಕ್ತಾರಾ?"

ಹದಿನಾಲ್ಕು ಜನರ ಸಂಬಳ, ಮುಂಗಡ ಕಡಿತ, ಬಟವಾಡೆ, ದಾಸ್ತಾನು ತಾಳೆ ನೋಡುವುದು. ಇದನ್ನೇ ಆಫೀಸಿನಲ್ಲಿ ಮಾಡಿದರೆ ಅನುಭವ ಅನ್ನುತ್ತೇವೆ. ಗೊತ್ತಿದ್ದದ್ದು ಹಾಳೆಯ ಮೇಲೆ ಇರಲಿಲ್ಲ, ಹಾಳೆಯ ಮೇಲಿದ್ದದ್ದು ಗೊತ್ತಿರಲಿಲ್ಲ. ಅವಳ ಒಂದು ವರ್ಷ ಹೋದದ್ದು ಹೀಗೆ. ‘ಯಾಕೆ ಸಾರ್’ ಅನ್ನುವ ಬದಲು ಆ ದಿನ ಮಂಡಿಯಲ್ಲಿ ಈ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಿದ್ದರೆ ಅಲ್ಲೇ ಕೆಲಸ ಆಗಿರುತ್ತಿತ್ತು ಅಂತ ಈಗಲೂ ನನಗೆ ಅನಿಸುತ್ತದೆ.

ಹೊಸ ರೆಸ್ಯೂಮ್ ಒಂದೇ ಪುಟ. ಆಸೆ, ಪ್ರಮಾಣ, ಬಾರ್ಡರ್ ಎಲ್ಲ ಹೋಯ್ತು. ಡಿಗ್ರಿಗಿಂತ ಮೇಲೆ ಈ ಸಾಲು ಬಂತು: ‘ಮನೆಯ ಅಡಿಕೆ ಹಂಗಾಮಿನ ಲೆಕ್ಕ, 2018ರಿಂದ. 14 ಜನರ ದಿನದ ಎಣಿಕೆ, ಮುಂಗಡ ಕಡಿತ, ವಾರದ ಬಟವಾಡೆ. ಮಂಡಿ ಪಟ್ಟಿಯೊಂದಿಗೆ ತೂಕ ತಾಳೆ.’ ಇಂಗ್ಲಿಷಿನಲ್ಲೂ ಇಷ್ಟೇ ಸರಳವಾಗಿ ಬರೆದೆವು.

ತಿಂಗಳ 1, 2 ಮತ್ತು 31

ಇನ್ನು ಟ್ಯಾಲಿ. ಅವಳ ಸರ್ಟಿಫಿಕೇಟ್ ಸುಳ್ಳಲ್ಲ. ಆದರೆ ಕ್ಲಾಸಿನಲ್ಲಿ ಒಂದು ಸುಳ್ಳು ಕಂಪನಿ ಮಾಡಿಸಿ, ಹಲಗೆಯ ಮೇಲೆ ಬರೆದ ಇಪ್ಪತ್ತು ಎಂಟ್ರಿ ಹಾಕಿಸಿ ಕಳಿಸಿದ್ದರು. ನಿಜವಾದ ಬಿಲ್ಲನ್ನು ಅವಳು ಮುಟ್ಟಿರಲಿಲ್ಲ.

ನನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟೆ. ಟ್ಯಾಲಿಯ ಎಜುಕೇಷನಲ್ ಮೋಡ್‌ಗೆ ದುಡ್ಡಿಲ್ಲ. ಒಂದೇ ತೊಂದರೆ, ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿನ ಎಂಟ್ರಿ ಮಾತ್ರ ಹಾಕಬಹುದು. ಕಲಿಯಲು ಅಷ್ಟು ಸಾಕು. ಹೆಸರು, ನಂಬರು ಮಸಿ ಬಳಿದು ಅರವತ್ತು ಹಳೇ ಬಿಲ್ ಕೊಟ್ಟೆ. ಅವಳ ಕಂಪನಿಯಲ್ಲಿ ಇಡೀ ಊರಿನ ವ್ಯಾಪಾರ ತಿಂಗಳಿಗೆ ಮೂರೇ ದಿನ ನಡೆಯಿತು.

ಮೊದಲ ವಾರ ಖರೀದಿ ಎಫ್9, ಮಾರಾಟ ಎಫ್8, ಪಾವತಿ ಎಫ್5, ಜಮೆ ಎಫ್6 ಅಂತ ಬೆರಳಿಗೆ ಕೂರಿಸಿಕೊಂಡಳು. ಎರಡನೇ ವಾರ ಪ್ರಶ್ನೆಗಳು ಬರತೊಡಗಿದವು. ಲಾರಿ ಬಾಡಿಗೆ ಯಾವ ಖಾತೆಗೆ? ರೈತನಿಂದ ಅಡಿಕೆ ಕೊಂಡ ಬಿಲ್ಲಲ್ಲಿ ಜಿಎಸ್‌ಟಿ ನಂಬರ್ ಯಾಕಿಲ್ಲ? ತಾನು ಬೆಳೆದದ್ದನ್ನು ಮಾರುವ ರೈತ ಅದಕ್ಕಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ವ್ಯಾಪಾರಿ ಒಣ ಅಡಿಕೆ ಮಾರುವಾಗ 5 ಪರ್ಸೆಂಟ್ ಹಾಕುತ್ತಾನೆ ಅಂತ ಅಪ್ಪನ ಪಟ್ಟಿಯನ್ನೇ ಹಿಡಿದು ತೋರಿಸಿದೆ. ಸಾಗಿಸುವ ಸರಕಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ ಬೇಕು ಅಂದೆ. "ಒಂದು ಕ್ವಿಂಟಲ್ ರಾಶಿಗೇ ಅಷ್ಟಾಗತ್ತಲ್ಲ ಮಾವ" ಅಂದಳು. ಪಾಠ ತಲೆಗೆ ಹತ್ತಿದೆ ಅಂತ ನನಗೆ ಗೊತ್ತಾದದ್ದು ಆಗ.

ಮೂರು, ನಾಲ್ಕನೇ ವಾರ ಪೂರ್ತಿ ಬ್ಯಾಂಕ್ ತಾಳೆ. ನಮ್ಮ ಪುಸ್ತಕದ ಬಾಕಿ ಒಂದು, ಬ್ಯಾಂಕಿನ ಸ್ಟೇಟ್‌ಮೆಂಟ್ ಇನ್ನೊಂದು, ಯಾಕೆ ಅಂತ ಹುಡುಕುವುದು. ಬೇರೆ ಏನು ಬರದಿದ್ದರೂ ಇದು ಬಂದರೆ ಸಣ್ಣ ಆಫೀಸಿನಲ್ಲಿ ಬೆಲೆ ಇದೆ.

ಈ ನಡುವೆ ಬೇರೆ ದಾರಿಗಳನ್ನೂ ನೋಡಿದೆವು. ಕೇಂದ್ರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಂದಾಯಿಸಿದಳು. ಬಿಕಾಂ ಆದವರಿಗೂ ಅದರಲ್ಲಿ ಜಾಗ ಇರುತ್ತದೆ, 2019ರ ನಿಯಮದಂತೆ ಪದವೀಧರರಿಗೆ ಆಗ ತಿಂಗಳಿಗೆ ಕನಿಷ್ಠ 9,000 ಇತ್ತು. ಹತ್ತಿರದಲ್ಲಿ ಆಗ ಯಾವುದೂ ಇರಲಿಲ್ಲ. ಮಾಚೇನಹಳ್ಳಿಯ ಕಾರ್ಖಾನೆಗಳ ಕಡೆಗೂ ಒಂದೆರಡು ರೆಸ್ಯೂಮ್ ಹೋಯ್ತು. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿದ್ದೂ ಆಯ್ತು.

ಸೆಪ್ಟೆಂಬರ್ 23

ಶಿವಮೊಗ್ಗದಂಥ ಊರಿನಲ್ಲಿ ಆಡಿಟರ್ ಆಫೀಸು, ಮಂಡಿ, ಹಾರ್ಡ್‌ವೇರ್ ಅಂಗಡಿ, ಟ್ರಾನ್ಸ್‌ಪೋರ್ಟ್ ಇವರು ಯಾರೂ ಜಾಹೀರಾತು ಕೊಡುವುದಿಲ್ಲ. ಇದ್ದವರು ಮದುವೆಯಾಗಿ ಹೋದರೆ ಅಥವಾ ಬೆಂಗಳೂರಿಗೆ ಹೋದರೆ ಒಂದು ಕುರ್ಚಿ ಖಾಲಿ. ಪರಿಚಯದವರಿಗೆ ಹೇಳುತ್ತಾರೆ, ಹದಿನೈದು ದಿನದಲ್ಲಿ ತುಂಬುತ್ತದೆ. ಆ ಕೆಲಸ ಮೊಬೈಲಿನಲ್ಲಿ ಕಾಣುವುದೇ ಇಲ್ಲ. ನಡೆದುಕೊಂಡೇ ಹೋಗಿ ಕೇಳಬೇಕು.

ಆದರೆ ಯಾವ ದಿನ ಹೋಗಬೇಕು ಅನ್ನುವುದೂ ಮುಖ್ಯ. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, 3ಬಿಗೆ 20. ಆ ಎರಡು ದಿನದ ಆಸುಪಾಸು ಆಡಿಟರ್ ಆಫೀಸಿಗೆ ಹೋದರೆ ಯಾರೂ ತಲೆ ಎತ್ತುವುದಿಲ್ಲ. ಹಾಗಾಗಿ 23ರ ಸೋಮವಾರ ಅಂತ ಇಟ್ಟುಕೊಂಡೆವು. ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್ ಗಡುವು ಬೇರೆ. ಬೈದು ಕಳಿಸಬಹುದು, ಇಲ್ಲವೇ ಕೈ ಸಾಲದೆ ಒಳಗೆ ಕರೆಯಲೂಬಹುದು. ಜೂಜೇ. ನಾನು ಜೊತೆಗೆ ಹೋಗಲಿಲ್ಲ, ಯಾರಿಗೂ ಫೋನೂ ಮಾಡಲಿಲ್ಲ. ಈ ಸಲ ನನ್ನ ಹೆಸರು ಹೇಳಬೇಡ ಅಂದಿದ್ದೆ.

ದುರ್ಗಿಗುಡಿ, ನೆಹರೂ ರಸ್ತೆ, ಸವಳಂಗ ರಸ್ತೆ ಅಂತ ಮೊದಲ ದಿನ ಆರು ಆಫೀಸು. ಮೂರು ಕಡೆ ಬಾಗಿಲಲ್ಲೇ ‘ಈಗ ಯಾರೂ ಬೇಡ’. ಎರಡು ಕಡೆ ರೆಸ್ಯೂಮ್ ಇಟ್ಟುಕೊಂಡರು. ಆರನೆಯದರಲ್ಲಿ ಸಂಜೆ ತನಕ ಕಾಯಿಸಿ ಆಮೇಲೆ ಬರಲು ಹೇಳಿದರು. ಸಂಜೆ ನಮ್ಮ ಮನೆಗೆ ಬಂದು ಚಪ್ಪಲಿ ಬಿಟ್ಟವಳು ಮಾತಾಡಲಿಲ್ಲ. ನನ್ನ ಹೆಂಡತಿ ಬಿಸಿನೀರು ಕೊಟ್ಟು ಸುಮ್ನೆ ಕೂರಿಸಿದಳು.

ಎರಡನೇ ದಿನ ಎರಡನೇ ಆಫೀಸು. ಎಂಟು ಜನರ ಸಣ್ಣ ಜಾಗ, ಮೇಜಿನ ತುಂಬ ಫೈಲು. ಆಡಿಟರ್ ರೆಸ್ಯೂಮ್ ಮೇಲೆ ಕಣ್ಣಾಡಿಸಿ, "ಇದೆಂಥದಮ್ಮಾ, ಸುಲಿತದ ಲೆಕ್ಕ?" ಅಂದರು. ಇವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಕೊಟ್ಟಳು. ಕನ್ನಡದಲ್ಲೇ ಹೇಳಿದಳು. ಅವರು ನಾಲ್ಕು ಪುಟ ತಿರುವಿ, ಕೆಂಪು ಪೆನ್ನಿನ ‘2 ಕೆಜಿ ಕಡಿಮೆ’ ಹತ್ತಿರ ನಿಂತು ನಕ್ಕು, "ಅಪ್ಪ ಕೇಳಿದ್ರಾ?" ಅಂದರು. "ಕೇಳಿದ್ರು ಸಾರ್. ಮುಂದಿನ ಪಟ್ಟಿಯಲ್ಲಿ ಸರಿ ಮಾಡಿದ್ರು."

ಆಮೇಲೆ ಒಂದು ಹಾರ್ಡ್‌ವೇರ್ ಅಂಗಡಿಯ ಬ್ಯಾಂಕ್ ಖಾತೆಯ ಪ್ರಿಂಟು, ಸ್ಟೇಟ್‌ಮೆಂಟು ಕೊಟ್ಟು, "18,382 ವ್ಯತ್ಯಾಸ ಬರ್ತಾ ಇದೆ, ನೋಡು" ಅಂತ ಮೂಲೆಯ ಕುರ್ಚಿ ತೋರಿಸಿದರು. ಮುಕ್ಕಾಲು ಗಂಟೆ. ಕೊಟ್ಟ ಎರಡು ಚೆಕ್ ಇನ್ನೂ ಬ್ಯಾಂಕಿಗೆ ಹೋಗಿರಲಿಲ್ಲ, 12,500 ಮತ್ತು 6,000. ಅಲ್ಲಿಗೆ 18,500. ಉಳಿದ 118? ಬ್ಯಾಂಕಿನವರು ಕತ್ತರಿಸಿದ ಚಾರ್ಜು, ನಮ್ಮ ಪುಸ್ತಕಕ್ಕೆ ಏರಿರಲಿಲ್ಲ. "ನೂರು ಚಾರ್ಜು, ಹದಿನೆಂಟು ಜಿಎಸ್‌ಟಿ ಸಾರ್" ಅಂದಳಂತೆ.

"ಇವತ್ತೇ ಕೂತ್ಕೋತೀಯಾ?" ಅಂದರು. ರಾತ್ರಿ ಎಂಟಕ್ಕೆ ಅಲ್ಲಿಂದ ಫೋನ್ ಮಾಡಿದಳು.

ಮನೆಯಲ್ಲಿ

ಸಂಬಳ 10,000. ಆರು ತಿಂಗಳ ನಂತರ ನೋಡೋಣ ಅಂದರು. ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಕಡೆ ಪಿಎಫ್ ಕಡ್ಡಾಯ ಅಲ್ಲ, ಹತ್ತಕ್ಕಿಂತ ಕಡಿಮೆ ಇದ್ದರೆ ಇಎಸ್‌ಐಯೂ ಇಲ್ಲ. ಕೇಳಿ ಪಡೆದದ್ದು ಎರಡು: ಸೇರಿದ ತಾರೀಖು ಬರೆದ ಪತ್ರ, ಮತ್ತು ಸಂಬಳ ಬ್ಯಾಂಕಿಗೇ ಹಾಕಬೇಕು ಅನ್ನುವುದು. ಮುಂದೆ ಬೇರೆ ಕಡೆ ಹೋಗುವಾಗ ಅನುಭವಕ್ಕೆ ಸಾಕ್ಷಿ ಅದೇ. ನಮ್ಮ ಕಸುಬಿನಲ್ಲಿ ಹೊಸಬರಿಗೆ ಕೊಡುವ ಸಂಬಳ ನಾಚಿಕೆಗೇಡಿನದು, ಇದನ್ನು ನಾನು ಒಳಗಿದ್ದುಕೊಂಡೇ ಹೇಳುತ್ತಿದ್ದೇನೆ.

ಭಾವನಿಗೆ ಸಮಾಧಾನ ಇರಲಿಲ್ಲ. ಅವರ ಲೆಕ್ಕ ಹೀಗೆ: ಯುವನಿಧಿ ತಿಂಗಳಿಗೆ 3,000 ಬರುತ್ತಿದೆ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ ಶುರುವಾದ ಯೋಜನೆ ಅದು. ಕೆಲಸ ಸಿಕ್ಕರೆ ನಿಲ್ಲುತ್ತದೆ. ಪೀಜಿಗೆ ಊಟ ಸೇರಿ 4,500. ಓಡಾಟ ಬೇರೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ನಿಜ, ಆದರೆ ಅವರ ಊರಿನ ಕಡೆ ಓಡುವುದು ಖಾಸಗಿ ಬಸ್ಸೇ ಜಾಸ್ತಿ. "ಕಳೆದು ಕೂಡಿದ್ರೆ ಉಳಿಯೋದೆಷ್ಟು ಮಾರಾಯ? ಅದರ ಬದಲು ಮನೇಲಿ ಕೂತು ಎಫ್‌ಡಿಎ ಪರೀಕ್ಷೆಗೆ ಓದ್ಲಿ."

ಲೆಕ್ಕ ತಪ್ಪಿರಲಿಲ್ಲ. ನಾನು ಹೇಳಿದ್ದು ಇಷ್ಟೇ, "ಭಾವ, ಯುವನಿಧಿ ಎರಡೇ ವರ್ಷ. ಎಫ್‌ಡಿಎ ಯಾವಾಗ ಕರೀತಾರೆ ಅಂತ ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಓದೋದು ಸಂಜೆ ಓದ್ಲಿ." ಅಕ್ಕ ಮಧ್ಯೆ ಬಾಯಿ ಹಾಕಿ, "ಅವಳನ್ನೇ ಕೇಳಿ" ಅಂದಳು. ಕೇಳಿದರು. "ನಾಳೆ ಒಂಬತ್ತೂವರೆಗೆ ಹೋಗ್ಬೇಕು ಅಪ್ಪಾ" ಅಂದಳು. ಯುವನಿಧಿಗೆ ಕೆಲಸ ಸಿಕ್ಕಿದೆ ಅಂತ ತಾನೇ ಘೋಷಿಸಿದಳು.

ಏಪ್ರಿಲ್‌ನಲ್ಲಿ ಸಂಬಳ 13,000 ಆಯ್ತು. ಈಗ ಹನ್ನೆರಡು ಗಿರಾಕಿಗಳ ರಿಟರ್ನು ಅವಳ ಕೈಯಲ್ಲೇ ಹೋಗುತ್ತದೆ. ಎಫ್‌ಡಿಎ ಪುಸ್ತಕ ಪೀಜಿಯ ಕಿಟಕಿಯಲ್ಲಿದೆ, ಎಷ್ಟು ತೆರೆಯುತ್ತಾಳೋ ಕೇಳಿಲ್ಲ.

ಆ ನವೆಂಬರಿನ ಸುಲಿತಕ್ಕೆ ಗಡಿಯಾರದ ಹಿಂದಿನ ನೋಟ್‌ಬುಕ್ ಪಿಯುಸಿ ಓದುವ ತಮ್ಮನ ಕೈಗೆ ಹೋಯ್ತು. ಮೊದಲ ಶನಿವಾರವೇ ಗೌರಿ ಹಬ್ಬದ ಮುಂಗಡ ಹಿಡಿಯುವುದನ್ನು ಮರೆತು ಪೂರ್ತಿ ದುಡ್ಡು ಕೊಟ್ಟಿದ್ದ. ರಾತ್ರಿ ಒಂಬತ್ತಕ್ಕೆ ಇವಳು ಪೀಜಿಯಿಂದ ಫೋನ್ ಮಾಡಿ, "ಪುಟ ಓದು, ಒಂದೊಂದೇ ಹೆಸರು ಓದು" ಅಂತ ಕೂತಿದ್ದಳಂತೆ. ಗುಡ್ಡ ಹತ್ತದೆ, ಸುಲಿಯುವವರ ಮೆಟ್ಟುಗತ್ತಿಯ ಸದ್ದಿನ ನಡುವೆಯೇ ಕೂತು ಅವನು ಓದಿದ.